ಮೂತಿಯಿಲ್ಲದ ಲಾರಿ

ಆ ಮನೆಯಲ್ಲಿ ಜಗಳಕ್ಕೆ ಕಾರಣ ಹುಡುಕಬೇಕಾದ ಕಷ್ಟ ಯಾರಿಗೂ ಇರಲಿಲ್ಲ. ಲಾರಿಗೆ ಮೂತಿ ಇರಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ ಹನ್ನೊಂದು ವರ್ಷದಿಂದ ಊಟದ ಜೊತೆಗೇ ತಟ್ಟೆಗೆ ಬೀಳುತ್ತಿತ್ತು.

ಒಂದು ಕಡೆ ತಾತ. ಮೂವತ್ತನಾಲ್ಕು ವರ್ಷ ಮೂತಿ ಲಾರಿ ಓಡಿಸಿದವರು. ಇಂಜಿನ್ನು ಮುಂದಕ್ಕೆ ಚಾಚಿಕೊಂಡಿದ್ದು, ಡ್ರೈವರು ಅದರ ಹಿಂದೆ ನೆಮ್ಮದಿಯಾಗಿ ಕೂರುವ ಹಳೆ ಕಾಲದ ಗಾಡಿ ಅದು. ಇನ್ನೊಂದು ಕಡೆ ಅವರ ಮಗ. ತಂಪು ಪಾನೀಯದ ಬಾಟಲಿ ಸಾಗಿಸುವ ಕಂಪನಿಯಲ್ಲಿ ಅವನು ಓಡಿಸುವುದು ಚಪ್ಪಟೆ ಗಾಡಿ. ಅದರಲ್ಲಿ ಇಂಜಿನ್ನು ಡ್ರೈವರನ ಕೆಳಗೇ ಇರುತ್ತದೆ, ಡ್ರೈವರು ಮುಂದಿನ ಚಕ್ರದ ನೆತ್ತಿಯ ಮೇಲೆ ಕೂರುತ್ತಾನೆ, ಅವನ ಮುಂದೆ ಒಂದು ಗಾಜು ಬಿಟ್ಟರೆ ಬೇರೇನೂ ಇಲ್ಲ.

"ನಾಳೆ ಗೋಡೆಗೆ ಗುದ್ದಿದೆ ಅಂತಿಟ್ಕೋ," ತಾತ ಆಲೂಗಡ್ಡೆ ಕಿವುಚುತ್ತ ಶುರು ಮಾಡುತ್ತಿದ್ದರು. "ಮೊದ್ಲು ತಾಗೋದು ಯಾವ್ದು?"

"ನಾನ್ಯಾಕಪ್ಪ ಗೋಡೆಗೆ ಗುದ್ಲಿ?"

"ಗೋಡೆನೇ ಬಂದು ಗುದ್ದುತ್ತೆ ಅಂತಿಟ್ಕೋ."

"ಗೋಡೆ ಎದ್ದು ಬಂದ್ರೆ ಮೂತಿ ಇದ್ರೂ ಅಷ್ಟೆ, ಬಾಲ ಇದ್ರೂ ಅಷ್ಟೆ."

"ನಗು, ನಗು. ಮೂತಿ ಇದ್ರೆ ಮೂತಿ ಹೋಗುತ್ತೆ. ಇಲ್ದಿದ್ರೆ ನಿನ್ನ ಮಂಡಿ ಹೋಗುತ್ತೆ. ಇಂಜಿನ್ ನೋಡ್ಬೇಕು ಅಂದ್ರೆ ನಾವು ಬಾನೆಟ್ ಎತ್ತಿ ಗಂಡಸರ ಥರ ನಿಂತ್ಕೊಂಡು ನೋಡ್ತಿದ್ವಿ. ನೀನು ಇಡೀ ಕ್ಯಾಬನ್ನೇ ಮುಂದಕ್ಕೆ ಮಗುಚ್ತೀಯ. ಹಾಸಿಗೆ, ಚೊಂಬು, ಚಪ್ಪಲಿ ಎಲ್ಲ ಹೋಗಿ ಗಾಜಿಗೆ ಬೀಳುತ್ತೆ. ಅದೇನು ಗಾಡಿನೋ, ಕಸದ ಬುಟ್ಟಿನೋ!"

"ನಿಮ್ಮ ಗಾಡಿ ನಮ್ಮ ಗಲ್ಲಿಲಿ ತಿರುಗುತ್ತಾ? ಹೇಳಿ. ನಂದು ಒಂದೇ ಸಲಕ್ಕೆ ತಿರುಗುತ್ತೆ. ಅದಕ್ಕೇ ಭಾನುವಾರ ಮನೆ ಮುಂದೆ ನಿಲ್ಲಿಸ್ತೀನಿ. ಇಲ್ದಿದ್ರೆ ಕಂಪನಿ ಯಾರ್ಡಿಂದ ನಡ್ಕೊಂಡು ಬರ್ಬೇಕಿತ್ತು. ಮತ್ತೆ ಮುಂದೆ ಏನಿದೆ ಅಂತ ಕಾಣುತ್ತೆ ನಂಗೆ."

'ಕಾಣುತ್ತೆ' ಎಂಬ ಮಾತು ಬಂದ ಕೂಡಲೇ ತಾತ ನೀರಿನ ಲೋಟ ಎತ್ತಿಕೊಳ್ಳುತ್ತಿದ್ದರು. ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಹನ್ನೊಂದು ವರ್ಷವೂ ಅಲ್ಲಿಗೇ ಮುಗಿದಿತ್ತು. ಸೊಸೆ ತಟ್ಟೆಗಳನ್ನು ಎತ್ತುತ್ತಿದ್ದಳು, ಮೊಮ್ಮಗಳು ನೀರು ಬಗ್ಗಿಸುತ್ತಿದ್ದಳು. ಆ ಮಾತಿನ ಆಚೆ ಏನಿದೆ ಎಂದು ನಾಲ್ಕೂ ಜನಕ್ಕೆ ಗೊತ್ತಿತ್ತು, ಯಾರೂ ಅಲ್ಲಿಗೆ ಕಾಲಿಡುತ್ತಿರಲಿಲ್ಲ.

ನಲವತ್ತು ವರ್ಷದ ಹಿಂದೆ ಈ ಮಗನಿಗೆ, ಅಂದರೆ ಈಗಿನ ಡ್ರೈವರನಿಗೆ, ಒಬ್ಬಳು ತಂಗಿ ಇದ್ದಳು. ಮೂರು ವರ್ಷದವಳು, ಪಾಪು ಎಂದೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ತಾತ ಮನೆ ಮುಂದಿನಿಂದ ಮೂತಿ ಲಾರಿ ತೆಗೆಯುವಾಗ ಅವಳು ಬಂಪರಿನ ಮುಂದೆ ಕೂತು ಏನನ್ನೋ ಹೆಕ್ಕುತ್ತಿದ್ದಳು. ಎಂಟು ವರ್ಷದ ಅಣ್ಣ ಮೆಟ್ಟಿಲ ಮೇಲೆ ಹಲ್ಲುಜ್ಜುತ್ತಿದ್ದ. ಪೊಲೀಸರು ಕೇಳಿದಾಗ ತಾತ ಹೇಳಿದ್ದು ಒಂದೇ ಮಾತು, "ಕಾಣ್ಲಿಲ್ಲ." ನಿಜಕ್ಕೂ ಕಂಡಿರಲಿಲ್ಲ. ಅಷ್ಟು ಉದ್ದದ ಮೂತಿಯ ಮುಂದೆ ಮೂರು ವರ್ಷದ ಕೂಸು ಯಾರಿಗೆ ಕಾಣುತ್ತದೆ?

ಆಮೇಲೂ ತಾತ ಇಪ್ಪತ್ತು ವರ್ಷ ಮೂತಿ ಲಾರಿಯನ್ನೇ ಓಡಿಸಿದರು, ಅದನ್ನೇ ಹೊಗಳಿದರು. ಹೊಗಳದೆ ಇನ್ನೇನು ಮಾಡಬೇಕಿತ್ತು ಪಾಪ. ಆದರೆ ಮಗನ ಲಾರಿ ಗಲ್ಲಿಯಿಂದ ಹೊರಡುವ ಪ್ರತಿ ಸೋಮವಾರ ಬೆಳಿಗ್ಗೆ ಅವರು ತಪ್ಪದೆ ಎದ್ದು ಬರುತ್ತಿದ್ದರು. ಹತ್ತು ಹನ್ನೆರಡು ಹೆಜ್ಜೆ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಮಕ್ಕಳನ್ನೂ ನಾಯಿಗಳನ್ನೂ ಬದಿಗೆ ಅಟ್ಟುತ್ತ, "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಕೂಗುತ್ತ ಗಲ್ಲಿಯ ಬಾಯಿಯವರೆಗೆ ಲಾರಿಯನ್ನು ಕರೆದುಕೊಂಡು ಹೋಗುತ್ತಿದ್ದರು. ಗಲ್ಲಿಯ ಮಕ್ಕಳೆಲ್ಲ ಅವರನ್ನು ಹೋಲ್ಡಾನ್ ತಾತ ಎಂದೇ ಕರೆಯುತ್ತಿದ್ದರು.

ಇಷ್ಟರಲ್ಲಿ ಒಂದು ಭಾನುವಾರ ಡ್ರೈವರನ ಹೆಂಡತಿ ಗಂಡನ ಎಡಗಾಲಿನ ಸುಟ್ಟ ಗಾಯ ನೋಡಿದಳು.

ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹದಿನೆಂಟು ವರ್ಷದಿಂದ ದಿನಕ್ಕೆ ನೂರು ಅಂಗಿ. ಸುಟ್ಟ ಗಾಯದ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಅವಳ ಎರಡೂ ಕೈಮೇಲೆ ಇದ್ದ ಕಲೆಗಳೆಲ್ಲ ದಾರದಷ್ಟು ತೆಳ್ಳಗಿದ್ದವು. ಬಿಸಿ ತಾಗಿದ ಕೂಡಲೇ ಕೈ ತಾನಾಗಿ ಹಾರುತ್ತದೆ, ಅದಕ್ಕೇ ತೆಳ್ಳಗೆ. ಗಂಡನ ಮೀನಖಂಡದ ಮೇಲಿನದು ಅಂಗೈಯಷ್ಟು ಅಗಲವಿತ್ತು, ಆಳವಿತ್ತು, ಅಂಚಿನಲ್ಲಿ ಕೀವು ಕಟ್ಟಿತ್ತು.

"ಏನ್ರೀ ಇದು?"

"ಇಂಜಿನ್ ಮುಚ್ಚಳ ತಾಗಿರ್ಬೇಕು. ಅದರ ಹೊದಿಕೆ ಹರಿದುಹೋಗಿದೆ. ಪಕ್ಕದಲ್ಲೇ ಇರೋದಲ್ವಾ, ಒಲೆ ಇದ್ದ ಹಾಗೆ."

"ತಾಗಿರ್ಬೇಕು ಅಂದ್ರೆ? ನಿಮಗೆ ಗೊತ್ತಾಗ್ಲಿಲ್ವಾ?"

"ಟ್ರಾಫಿಕ್ಕಲ್ಲಿ ಇದ್ದೆ."

"ಟ್ರಾಫಿಕ್ಕಲ್ಲಿದ್ರೆ ಕಾಲು ಉರಿಯೋದಿಲ್ವಾ?"

ಅವನು ಟವೆಲ್ಲು ಹೊದ್ದು ಎದ್ದುಹೋದ. ಮಧ್ಯಾಹ್ನ ಅವನು ಪೇಪರು ಮುಖಕ್ಕೆ ಹಿಡಿದು ಚಾಪೆಯ ಮೇಲೆ ಮಲಗಿದ್ದಾಗ ಅವಳು ಹೊಲಿಗೆ ಡಬ್ಬಿಯಿಂದ ಪಿನ್ನು ತಂದು ಅವನ ಎಡ ಹೆಬ್ಬೆರಳಿಗೆ ಚುಚ್ಚಿದಳು. ಪೇಪರು ಅಲ್ಲಾಡಲಿಲ್ಲ. ಇನ್ನೊಂದು ಬೆರಳಿಗೆ ಚುಚ್ಚಿದಳು. ಅವನು ಪುಟ ತಿರುಗಿಸಿದ. ಸಣ್ಣದೊಂದು ರಕ್ತದ ಹನಿ ಬಂತು. ಅವಳು ಅದನ್ನು ಸೆರಗಿನಿಂದ ಒರೆಸಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿ ಬಿಟ್ಟಿದ್ದು ಮಾವನಿಗೆ ಕೇಳಿಸಬಾರದೆಂದು.

ಮಗಳಿಗೆ ಹೇಳದೆ ವಿಧಿಯಿರಲಿಲ್ಲ. ಅವಳು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಮಾತ್ರೆಯ ಹೆಸರು ಹೇಳಿದರೆ ಕಾಯಿಲೆ ಹೇಳಿಬಿಡುವಷ್ಟು ಪಳಗಿದ್ದಳು.

"ಅಪ್ಪ, ಎಷ್ಟು ದಿನದಿಂದ ಹೀಗೆ?"

"ನಾಲ್ಕು ತಿಂಗಳಿರ್ಬಹುದು. ಮೊದ್ಲು ಜುಮ್ ಅಂತಿತ್ತು. ಈಗ ಅದೂ ಇಲ್ಲ."

"ಬೆನ್ನು?"

"ಬೆನ್ನುನೋವು ಯಾರಿಗಿಲ್ಲ ಹೇಳು. ಚಕ್ರದ ಮೇಲೆ ಕೂತ್ರೆ ಪ್ರತಿ ಹಳ್ಳಾನೂ ಬೆನ್ನಿಗೇ ಬರುತ್ತೆ. ತಾತ ಹೇಳೋದು ಆ ಒಂದು ವಿಷಯದಲ್ಲಿ ಸುಳ್ಳಲ್ಲ."

"ಬೆನ್ನಿನ ನರ ಒತ್ಕೊಂಡಿದೆ. ತೋರಿಸ್ಬೇಕು. ಗಾಡಿ ಓಡಿಸ್ಬಾರ್ದು ನೀನು. ಅದು ಕ್ಲಚ್ ಕಾಲು."

"ಓಡಿಸ್ದೆ?" ಎಂದ ಅಪ್ಪ. ಅಷ್ಟೇ ಕೇಳಿದ್ದು.

ಕಂಪನಿಗೆ ಬಂದಿದ್ದ ಹೊಸ ಮ್ಯಾನೇಜರು ನಲವತ್ತೈದು ದಾಟಿದ ಡ್ರೈವರುಗಳೆಲ್ಲ ಮೂರು ವಾರದೊಳಗೆ ಕಂಪನಿ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ನೋಟಿಸು ಅಂಟಿಸಿದ್ದ. ಹೋದ ವರ್ಷ ಕಣ್ಣಿನ ಪರೀಕ್ಷೆಯಲ್ಲಿ ಬಿದ್ದವನನ್ನು ಬಾಟಲಿ ತೊಳೆಯುವ ಶೆಡ್ಡಿಗೆ ಹಾಕಿದ್ದರು. ಎರಡು ತಿಂಗಳಾದ ಮೇಲೆ ಶೆಡ್ಡಿನಲ್ಲೂ ಜಾಗವಿಲ್ಲ ಎಂದು ಕಳಿಸಿದ್ದರು. ಈಗ ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಕೂತಿರುತ್ತಾನೆ, ಹಳೆ ಗೆಳೆಯರು ಕಂಡರೆ ಮುಖ ತಿರುಗಿಸುತ್ತಾನೆ.

"ಪರೀಕ್ಷೆ ಒಂದು ಮುಗೀಲಿ," ಎಂದಳು ಹೆಂಡತಿ. "ಚೀಟಿ ಕೈಗೆ ಬಂದ್ಮೇಲೆ ರಜ ಹಾಕಿ ದೊಡ್ಡಾಸ್ಪತ್ರೆಗೆ ತೋರಿಸೋಣ. ಅಲ್ಲೀವರೆಗೂ ಮಾವಂಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಯಾರ್ಡಿಗೇ ಹೋಗಿ, ನಿಮ್ಮ ಚಪ್ಪಟೆ ಗಾಡಿ ನನ್ನ ಮಗನ ಕಾಲು ತಿಂತು ಅಂತ ಊರು ಕೇಳೋ ಹಾಗೆ ಕೂಗ್ತಾರೆ."

ಮಗಳು ಒಂದು ದಿನ ಮುಖ ಊದಿಸಿಕೊಂಡಿದ್ದಳು. ಎರಡನೆಯ ದಿನ, "ಡಾಕ್ಟ್ರು ಪಾದಕ್ಕೆ ಚುಚ್ಚಿ ನೋಡ್ತಾರೆ. ಕಣ್ಣು ಮುಚ್ಚಿಸ್ತಾರೆ," ಎಂದಳು. ಒಪ್ಪಿದಳೆಂದು ಅರ್ಥ.

ಅಲ್ಲಿಂದ ದಿನಾ ಸಂಜೆ, ತಾತ ಹಾಲು ತರಲು ಹೋದ ಮುಕ್ಕಾಲು ಗಂಟೆ, ಆ ಮನೆಯಲ್ಲಿ ಶಾಲೆ ನಡೆಯಿತು. ಡ್ರೈವರು ಕುರ್ಚಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಹೆಂಡತಿ ಪಿನ್ನು ಹಿಡಿಯುತ್ತಿದ್ದಳು. ಮೊದಲ ದಿನ ಐದಕ್ಕೆ ನಾಲ್ಕು ಸರಿ ಹೇಳಿದ. ಹೆಂಡತಿ ಖುಷಿಯಲ್ಲಿ ಮಗಳ ಮುಖ ನೋಡಿದಳು.

"ಅಮ್ಮ, ಅಪ್ಪ ನಿನ್ನ ಭುಜ ನೋಡ್ತಿದಾನೆ. ಕಣ್ಣು ಪೂರ್ತಿ ಮುಚ್ಚಿಲ್ಲ."

"ಲೇ, ಚಾಡಿಕೋರಿ!"

"ಪೂರ್ತಿ ಮುಚ್ಚು."

ಕಣ್ಣು ಪೂರ್ತಿ ಮುಚ್ಚಿದ ಮೇಲೆ ಐದಕ್ಕೆ ಒಂದೂ ಸರಿಯಾಗಲಿಲ್ಲ. ಆಗ ಮಗಳು ಬೇರೆ ದಾರಿ ಹಿಡಿದಳು. ಅಂಗಡಿಗೆ ಬರುತ್ತಿದ್ದ, ಕಂಪನಿ ಡಾಕ್ಟರ ಹತ್ತಿರವೇ ಕೆಲಸ ಮಾಡುವ ಒಬ್ಬ ನರ್ಸನ್ನು ವಿಚಾರಿಸಿದಳು. ಡಾಕ್ಟರಿಗೆ ಅವತ್ತು ಮೂವತ್ತು ಜನರ ಪಾದ ನೋಡುವುದಿರುತ್ತದೆ, ಎಲ್ಲರಿಗೂ ಒಂದೇ ಕ್ರಮ: ಹೆಬ್ಬೆರಳು, ಕಿರುಬೆರಳು, ಅಂಗಾಲು, ಹಿಮ್ಮಡಿ. ಬಲಗಾಲು ಮೊದಲು. ಬಲಗಾಲಿನಲ್ಲಿ ಎಷ್ಟು ಹೊತ್ತು ಬಿಟ್ಟು ಚುಚ್ಚುತ್ತಾರೆಂದು ಮನಸ್ಸಿನಲ್ಲೇ ಎಣಿಸಿಕೊಂಡರೆ ಎಡಗಾಲಿಗೆ ಅದೇ ಲೆಕ್ಕ. ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ ಅಪ್ಪನಿಗೆ ಮಗಳು ಬಾಯಿಪಾಠ ಮಾಡಿಸಿದಳು.

"ಹೆಬ್ಬೆರಳು. ಒಂದು, ಎರಡು, ಮೂರು. ಕಿರುಬೆರಳು. ಬರೀ 'ಹೂಂ' ಅನ್ಬೇಡ ಅಪ್ಪ. ಒಂದ್ಸಲ 'ಸ್ವಲ್ಪ ಜೋರಾಯ್ತು ಸಾರ್' ಅನ್ನು. ನಂಬ್ತಾರೆ."

"ನಿನ್ನನ್ನ ಓದಿಸಿದ್ದು ಸಾರ್ಥಕ ಆಯ್ತು ಬಿಡು," ಎಂದು ಅಪ್ಪ ನಕ್ಕ. ತಾಯಿಯೂ ನಕ್ಕಳು. ಇಷ್ಟು ನಗು ಆ ಮನೆಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಇದನ್ನು ಹೇಳುವಾಗ ನನಗೇ ನಾಚಿಕೆಯಾಗುತ್ತದೆ, ಆದರೆ ಆ ಮೂರು ವಾರ ಅವರು ಸಂತೋಷವಾಗಿಯೇ ಇದ್ದರು. ಮೂವರೂ ಸೇರಿ ಮಾಡುವ ಒಂದು ಕೆಲಸ ಸಿಕ್ಕಿತ್ತು.

ತಾತ ಒಂದು ಸಂಜೆ ಬೇಗ ಬಂದರು. ಸೊಸೆ ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡಳು. ಮಗ ಕಾಲು ಕೆಳಗಿಟ್ಟ.

"ಏನು, ಎಲ್ಲಾ ಸೇರಿ ಕಾಲಿಗೆ ಪೂಸಿ ಹೊಡೀತಿದೀರ?" ಎಂದರು ತಾತ.

"ಮುಳ್ಳು ಚುಚ್ಚಿತ್ತು ಮಾವ, ತೆಗೀತಿದ್ದೆ."

"ಲಾರಿ ಡ್ರೈವರಿಗೆ ಮುಳ್ಳು! ನಡೆದ್ರೆ ತಾನೇ ಚುಚ್ಚೋದು. ಮೇಲೆ ಹತ್ತಿ ಕೂತ್ರೆ ಇಳಿಯೋಕೇ ಬರಲ್ಲ ನಿಂಗೆ ಈಗ. ನೋಡಿದೀನಿ, ಇಳಿಯುವಾಗ ಬಾಗಿಲು ಹಿಡ್ಕೊಂಡು ಕಾಲಿಂದ ನೆಲ ಹುಡುಕ್ತೀಯ."

ಮಗ ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಮುದುಕರ ಕಣ್ಣು ಎಲ್ಲಿ ನೆಟ್ಟಿರುತ್ತದೆಂದು ಹೇಳುವುದು ಕಷ್ಟ.

"ಆ ಗಾಡಿ ಬಿಟ್ಬಿಡೋ," ಎಂದರು ತಾತ, ಸ್ವರ ಇಳಿಸಿ. "ಕಲ್ಲು ಕ್ವಾರಿಲಿ ಇನ್ನೂ ಎರಡು ಮೂತಿ ಲಾರಿ ಇವೆ. ನಾನು ಹೋಗಿ ಮಾತಾಡ್ತೀನಿ. ಸೀಟು ತಗ್ಗಲ್ಲಿದೆ, ಚಕ್ರ ಮುಂದಿರುತ್ತೆ, ಬೆನ್ನಿಗೆ ಆರಾಮ."

"ಬೇಡ ಅಪ್ಪ."

"ಯಾಕೆ ಬೇಡ? ಮೂವತ್ತನಾಲ್ಕು ವರ್ಷ ಓಡಿಸಿದೀನಿ. ನನ್ನ ಬೆನ್ನು ನೋಡು, ಮಂಡಿ ನೋಡು. ಮೂತಿ ಇದ್ದಿದ್ದಕ್ಕೇ ಇವತ್ತು ನಿನ್ನ ಮುಂದೆ ಕೂತಿದೀನಿ."

"ಮೂತಿ ಇದ್ದಿದ್ದಕ್ಕೇ ಅಲ್ವಾ ಪಾಪು ಹೋಗಿದ್ದು!"

ಹನ್ನೊಂದು ವರ್ಷ ಲೋಟದ ನೀರಿನಲ್ಲಿ ಮುಳುಗಿಸಿಟ್ಟಿದ್ದ ಮಾತು ಹೊರಗೆ ಬಿತ್ತು. ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು. ತಾತ ಹಾಲಿನ ಪೊಟ್ಟಣವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ತಮ್ಮ ಕೋಣೆಗೆ ಹೋದರು. ಅವತ್ತು ಊಟಕ್ಕೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಸೊಸೆ ತಟ್ಟೆ ಒಳಗೆ ಕೊಟ್ಟರೆ ಅರ್ಧ ತಿಂದು ಹೊರಗಿಡುತ್ತಿದ್ದರು.

"ಹೋಗಿ ತಪ್ಪಾಯ್ತು ಅನ್ನಿ," ಎಂದಳು ಹೆಂಡತಿ.

"ಏನಂತ ಅನ್ಲಿ? ಸುಳ್ಳು ಹೇಳಿದೆ ಅಂತ ಅನ್ಲಾ?"

ಆ ವಾರವೇ ಪರೀಕ್ಷೆ ಬಂತು. ನರ್ಸು ಹೇಳಿದ್ದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಡಾಕ್ಟರು ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಲೇ ಚುಚ್ಚಿದರು. ಹೆಬ್ಬೆರಳು, ಕಿರುಬೆರಳು, ಅಂಗಾಲು, ಹಿಮ್ಮಡಿ. ಡ್ರೈವರು ಎಣಿಸಿದ, ಹೇಳಿದ, ಒಂದು ಸಲ "ಸ್ವಲ್ಪ ಜೋರಾಯ್ತು ಸಾರ್" ಎಂದ. "ಸಾರಿ," ಎಂದರು ಡಾಕ್ಟರು, ಸಹಿ ಹಾಕಿದರು. ಸುಟ್ಟ ಗಾಯದ ಮೇಲೆ ಹೆಂಡತಿ ಬಟ್ಟೆ ಕಟ್ಟಿದ್ದಳು, ಕಾಲುಚೀಲ ಬಿಚ್ಚಿದರೂ ಅದು ಪ್ಯಾಂಟಿನೊಳಗೇ ಉಳಿಯಿತು.

ಮನೆಗೆ ಬಂದು ಚೀಟಿ ತೋರಿಸಿದಾಗ ಮಗಳು ಚಪ್ಪಾಳೆ ತಟ್ಟಿದಳು. ಹೆಂಡತಿ ಮೊಟ್ಟೆ ತರಿಸಿ ಎಲ್ಲರಿಗೂ ಎರಡೆರಡು ಮಾಡಿದಳು. ಹೊರಗೆ ತಾತ, "ಏನಮ್ಮ ವಿಶೇಷ?" ಎಂದು ಐದು ದಿನದ ಮೇಲೆ ಮೊದಲ ಸಲ ಮಾತಾಡಿದರು.

"ನಿಮ್ಮ ಮಗ ಪರೀಕ್ಷೆ ಪಾಸಾದ್ರು ಮಾವ. ಮೈ ಕೈ ಎಲ್ಲ ಗಟ್ಟಿ ಅಂತ ಬರ್ಕೊಟ್ಟಿದಾರೆ."

ತಾತ ಬಂದು ಊಟಕ್ಕೆ ಕೂತರು. ಚೀಟಿಯನ್ನು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ, ಸಹಿಯನ್ನು ಎರಡು ಸಲ ನೋಡಿದರು. "ಸರಿ ಬಿಡು," ಎಂದರು. "ನಾನೇನೋ ಕಾಲು ಹೋಯ್ತೇನೋ ಅನ್ಕೊಂಡಿದ್ದೆ." ಮೂವರೂ ತಟ್ಟೆ ನೋಡಿಕೊಂಡು ತಿಂದರು.

ಆ ಭಾನುವಾರ ಬೆಳಿಗ್ಗೆ ಡ್ರೈವರು ಮನೆ ಮುಂದೆ ಕ್ಯಾಬು ತೊಳೆಯುತ್ತಿದ್ದ. ತಾತ ಬಂದು ಬಂಪರಿನ ಮುಂದೆ ನಿಂತರು.

"ಹತ್ತಿ ಕೂತ್ಕೋ."

"ಯಾಕಪ್ಪ?"

"ಕೂತ್ಕೋ ಅಂದೆ."

ಅವನು ಕೈಯಿಂದ ಎಳೆದುಕೊಂಡು ಹತ್ತಿ ಕೂತ. ತಾತ ಹತ್ತು ಹೆಜ್ಜೆ ಹಿಂದೆ ಹೋದರು.

"ಕಾಣ್ತೀನಾ?"

"ಕಾಣ್ತೀರ."

ಮೂರು ಹೆಜ್ಜೆ ಮುಂದೆ ಬಂದರು. "ಈಗ?"

"ಚೆನ್ನಾಗಿ."

"ಚಪ್ಪಲಿ?"

"ಚಪ್ಪಲಿನೂ ಕಾಣುತ್ತೆ. ಎಡಗಡೆದು ಬಾರು ಕಿತ್ತಿದೆ."

ಇನ್ನೂ ಹತ್ತಿರ ಬಂದರು, ಬಂಪರಿಗೆ ಮೂರೇ ಹೆಜ್ಜೆ. "ಈಗ?"

"ಮಂಡಿ ಮೇಲೆ ಪೂರ್ತಿ ಕಾಣುತ್ತೆ."

ತಾತ ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕೂತರು. ಮೂರು ವರ್ಷದ ಕೂಸಿನಷ್ಟು ಎತ್ತರ. "ಈಗ?" ಎಂದು ಕೆಳಗಿನಿಂದ ಕೂಗಿದರು.

ಡ್ರೈವರು ಸ್ಟೇರಿಂಗಿನ ಮೇಲೆ ಬಾಗಿ ನೋಡಿದ. "ತಲೆ ಕಾಣುತ್ತೆ ಅಪ್ಪ."

ಮೇಲೇಳುವುದಕ್ಕೆ ತಾತನಿಗೆ ಬಹಳ ಹೊತ್ತು ಹಿಡಿಯಿತು. ಎದ್ದು ಬಂದು ಬಾಗಿಲ ಹತ್ತಿರ ನಿಂತು, ಮುಖವನ್ನು ಆ ಕಡೆ ತಿರುಗಿಸಿಕೊಂಡೇ ಹೇಳಿದರು: "ನನ್ನ ಗಾಡಿಲಿ ಆಳುದ್ದ ನಿಂತ್ರೂ ಕಾಣ್ತಿರ್ಲಿಲ್ಲ ಕಣೋ. ನಿಂದೇ ಒಳ್ಳೇ ಗಾಡಿ."

ಮಗ ಆಗಲೇ ಹೇಳಿಬಿಡಬೇಕಿತ್ತು. ಕಾಲಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು ಎಂದು ಆಮೇಲೆ ಹೆಂಡತಿಗೆ ಹೇಳಿದ. ಆದರೆ ನಲವತ್ತು ವರ್ಷದ ಮೇಲೆ ಅಪ್ಪ ಒಂದು ಮಾತು ಒಪ್ಪಿಕೊಂಡಾಗ ಅದರ ಮೇಲೆ ಮಣ್ಣು ಹಾಕಲು ಮನಸ್ಸು ಬರಲಿಲ್ಲವಂತೆ. ದೊಡ್ಡಾಸ್ಪತ್ರೆಗೆ ಮುಂದಿನ ಗುರುವಾರ ಹೋಗುವುದೆಂದು ಹೇಗೂ ಗೊತ್ತಾಗಿತ್ತು. ನಾಲ್ಕು ದಿನದಲ್ಲಿ ಏನಾಗುತ್ತದೆ ಎಂದುಕೊಂಡ.

ಅವತ್ತು ಮಧ್ಯಾಹ್ನ ಊಟದಲ್ಲಿ ಜಗಳವೇ ಇರಲಿಲ್ಲ. ಹೇಗೆ ಕೂರಬೇಕೆಂದೇ ಯಾರಿಗೂ ತೋಚಲಿಲ್ಲ. ತಾತ ಸೊಸೆಯನ್ನು, "ಒಂದು ಪಿನ್ನು ಇದ್ರೆ ಕೊಡಮ್ಮ, ಬಾರು ಕಿತ್ತಿದೆ," ಎಂದು ಕೇಳಿದರು. ಅವಳು ಸೆರಗಿನಿಂದ ಅದೇ ಪಿನ್ನನ್ನು ತೆಗೆದುಕೊಟ್ಟಳು. ಇನ್ನು ಅದರ ಕೆಲಸ ಮುಗಿದಿತ್ತಲ್ಲ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಲಾರಿ ಹೊರಟಿತು. ಹಿಂದೆ ಖಾಲಿ ಬಾಟಲಿಗಳ ಕ್ರೇಟುಗಳಿದ್ದವು. ತಾತ ಎಂದಿನಂತೆ ಮುಂದೆ ಹಿಮ್ಮುಖವಾಗಿ ನಡೆದರು, ಆದರೆ ಹತ್ತು ಹನ್ನೆರಡು ಹೆಜ್ಜೆ ದೂರದಲ್ಲಲ್ಲ. ನಾಲ್ಕು ಹೆಜ್ಜೆಯಲ್ಲಿ. "ಬರ್ಲಿ, ಬರ್ಲಿ," ಎನ್ನುತ್ತಿದ್ದರು. ಎದುರು ಮನೆಯವಳು, "ಏನು ತಾತ, ಇಷ್ಟು ಹತ್ರ?" ಎಂದು ಕೇಳಿದ್ದಕ್ಕೆ, "ಅವನಿಗೆ ಎಲ್ಲಾ ಕಾಣುತ್ತಮ್ಮ," ಎಂದರಂತೆ.

ಗಲ್ಲಿಯ ಬಾಯಿಯಲ್ಲಿ ಎದುರಿಗೆ ಹಿಟ್ಟಿನ ಗಿರಣಿಯ ಗೋಡೆ. ಚಪ್ಪಟೆ ಗಾಡಿಯಲ್ಲಿ ಡ್ರೈವರು ಚಕ್ರದ ಮೇಲೆಯೇ, ಗಾಡಿಯ ತೀರ ಮುಂದೆ ಇರುವುದರಿಂದ, ಗೋಡೆ ಮೂಗಿಗೆ ಬಡಿಯುವಷ್ಟು ಹತ್ತಿರ ಹೋದ ಮೇಲೆಯೇ ತಿರುಗಿಸಬೇಕು. ಮೊದಲೆಲ್ಲ ತಾತ ಅಲ್ಲಿ ಕಂಬದ ಆಚೆ ಸರಿದು ನಿಲ್ಲುತ್ತಿದ್ದರು. ಅವತ್ತು ಗೋಡೆಗೆ ಬೆನ್ನು ಕೊಟ್ಟು ಗಾಡಿಯ ಮುಂದೆಯೇ ನಿಂತರು. ಶಾಲೆಗೆ ಹೊರಟ ಎರಡು ಮಕ್ಕಳು ಅಡ್ಡ ಬಂದವು. "ಹೋಲ್ಡಾನ್!" ಎಂದರು ತಾತ. ಲಾರಿ ನಿಂತಿತು. ಮಕ್ಕಳು ದಾಟಿದವು. ತಾತ ಎರಡೂ ಕೈ ಎತ್ತಿ, ಸ್ವಲ್ಪವೇ ಸ್ವಲ್ಪ ಎಂದು ಬೆರಳಲ್ಲಿ ತೋರಿಸಿ, "ಬರ್ಲಿ," ಎಂದರು.

ಡ್ರೈವರು ಬ್ರೇಕಿನಿಂದ ಬಲಗಾಲು ಎತ್ತಿದ. ಎಡಗಾಲು ಕ್ಲಚ್ಚಿನ ಮೇಲೆ ಇದೆ ಎಂದುಕೊಂಡಿದ್ದ. ಇರಲಿಲ್ಲ. ಅದೇ ಕ್ಷಣಕ್ಕೆ ಜಾರಿತ್ತು, ಜಾರಿದ್ದು ಅವನಿಗೆ ತಿಳಿಯಲಿಲ್ಲ. ಲಾರಿ ಒಂದೇ ಸಲಕ್ಕೆ ಮುಂದಕ್ಕೆ ಜಿಗಿಯಿತು. ಹಿಂದೆ ಸಾವಿರ ಬಾಟಲಿ ಒಟ್ಟಿಗೇ ಝಲ್ಲೆಂದವು. ಬಲಗಾಲು ಬ್ರೇಕು ತುಳಿಯುವ ಹೊತ್ತಿಗೆ ಗೋಡೆ ಬಂದಿತ್ತು.

ತಾತ ಆಸ್ಪತ್ರೆ ಮುಟ್ಟಲಿಲ್ಲ.

ಪೊಲೀಸ್ ಠಾಣೆಯ ಬೆಂಚಿನ ಮೇಲೆ ಮೂವರೂ ಕೂತಿದ್ದರು. ಒಳಗೆ ಕರೆಯಲು ಇನ್ನೂ ಹೊತ್ತಿತ್ತು. ಹೆಂಡತಿ ಕಣ್ಣೊರೆಸಿಕೊಂಡಳು. ಬಗ್ಗಿ ಗಂಡನ ಕಿವಿಯಲ್ಲಿ ಹೇಳಿದಳು:

"ಕಾಣ್ಲಿಲ್ಲ ಅಂದ್ಬಿಡಿ. ಒಂದೇ ಮಾತು. ಮುದುಕ್ರು ತೀರಾ ಹತ್ರ ಬಂದಿದ್ರು, ಕಾಣ್ಲಿಲ್ಲ ಅಂತ. ಮಾವನೂ ಅವತ್ತು ಅದನ್ನೇ ಹೇಳಿದ್ರಲ್ಲ."

"ಅಪ್ಪಂಗೆ ನಿಜವಾಗ್ಲೂ ಕಾಣ್ಲಿಲ್ಲ ಕಣೇ."

"ಈಗ ಅದೆಲ್ಲ ಯಾಕೆ? ಕಾಲಿನ ವಿಷಯ ಬಂದ್ರೆ ನೀವು ಒಳಗೆ ಹೋಗ್ತೀರ. ಚೀಟಿ ಹೇಗೆ ಬಂತು ಅಂತ ಕೇಳ್ತಾರೆ. ಇವಳ ಹೆಸರೂ ಬರುತ್ತೆ."

ಮಗಳು ತಲೆ ಎತ್ತಲಿಲ್ಲ. "ಹೇಳು ಅಪ್ಪ," ಎಂದಳು ನೆಲ ನೋಡುತ್ತ. ಏನು ಹೇಳು ಎಂದು ಅವಳು ಹೇಳಲಿಲ್ಲ.

ಒಳಗೆ ಕರೆದರು. ಮೇಜಿನ ಹಿಂದೆ ಇದ್ದ ಪೊಲೀಸಿನವನು ವಯಸ್ಸಾದವನು, ಕೆಟ್ಟವನೇನಲ್ಲ. ಇಂಥ ಕೇಸು ಬರೆದು ಬರೆದು ಕೈ ಸವೆದಿತ್ತು. ಹೆಸರು, ವಯಸ್ಸು, ಗಾಡಿಯ ನಂಬರು ಬರೆದುಕೊಂಡ.

"ತಂದೇನೇ ಅಲ್ವೇನ್ರಿ?"

"ಹೌದು ಸಾರ್."

"ಛೇ." ಅವನು ಬರೆಯಲು ಶುರು ಮಾಡಿ, ತಾನೇ ದಾರಿ ತೋರಿಸಿದ: "ಮುಂದೆ ನಿಂತಿದ್ದು ನಿಮಗೆ ಕಾಣ್ಲಿಲ್ಲ. ಅಲ್ವಾ?"

ಹೆಂಡತಿಯೂ ಮಗಳೂ ಬಾಗಿಲಿಗೆ ಬಂದು ನಿಂತಿದ್ದರು.

"ಕಾಣಿಸ್ತು ಸಾರ್," ಎಂದ ಡ್ರೈವರು.

ಪೆನ್ನು ನಿಂತಿತು.

"ಪೂರ್ತಿ ಕಾಣಿಸ್ತು. ನಮ್ಮದು ಮೂತಿ ಇಲ್ಲದ ಗಾಡಿ ಸಾರ್, ಅದರಲ್ಲಿ ಎಲ್ಲಾ ಕಾಣುತ್ತೆ. ಎರಡೂ ಕೈ ಎತ್ತಿದ್ರು. ಒಳ್ಳೇ ಅಂಗಿ ಹಾಕ್ಕೊಂಡಿದ್ರು ಇವತ್ತು. ನಡ್ಕೊಂಡು ಬರುವಾಗ ಎಡಗಡೆ ಚಪ್ಪಲಿ ಬಾರಿಗೆ ಪಿನ್ನು ಹಾಕಿದ್ದು, ಅದೂ ಕಾಣಿಸ್ತು. ಗಾಡಿ ಜಿಗಿದಾಗ ನನ್ನನ್ನೇ ನೋಡಿದ್ರು. ಹೋಲ್ಡಾನ್ ಅಂತ ಇನ್ನೊಂದ್ಸಲ ಅಂದ್ರು. ಅದು ಕೇಳಿಸ್ಲಿಲ್ಲ, ಬಾಯಿ ಕಾಣಿಸ್ತು."

"ಕಂಡ್ಮೇಲೆ ಯಾಕ್ರೀ ನಿಲ್ಲಿಸ್ಲಿಲ್ಲ?"

ಡ್ರೈವರು ಬಗ್ಗಿ ಎಡಗಾಲಿನ ಶೂ ಬಿಚ್ಚಿದ. ಹೆಂಡತಿ ತೊಡಿಸಿದ್ದ ಕಾಲುಚೀಲ ಬಿಚ್ಚಿದ. ಕುರ್ಚಿಯ ಮೇಲೆ ಕೂತು ಕಾಲನ್ನು ಪೊಲೀಸಿನವನ ಕಡೆಗೆ ಚಾಚಿ, ಕಣ್ಣು ಮುಚ್ಚಿಕೊಂಡ. ಈ ಸಲ ಪೂರ್ತಿ ಮುಚ್ಚಿದ್ದ.

"ಎಲ್ಲಿ ಬೇಕಾದ್ರೂ ಚುಚ್ಚಿ ನೋಡಿ ಸಾರ್."

ಪೊಲೀಸಿನವನು ಬಾಗಿಲಲ್ಲಿದ್ದ ಹೆಂಗಸರ ಕಡೆ ನೋಡಿದ. ತಾಯಿ ಗೋಡೆ ಹಿಡಿದುಕೊಂಡಿದ್ದಳು, ಮಗಳು ತುಟಿಯಲ್ಲೇ ಏನನ್ನೋ ಎಣಿಸುತ್ತಿದ್ದಳು. ಅವನು ಪೆನ್ನಿನ ತುದಿಯನ್ನು ಅಂಗಾಲಿಗೆ ಒತ್ತಿದ. ಇನ್ನೂ ಜೋರಾಗಿ ಒತ್ತಿದ. ನೀಲಿ ಗುರುತು ಮೂಡಿತು. ಕಾಲು ಅಲುಗಲಿಲ್ಲ.

ಡ್ರೈವರು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ.

"ಚುಚ್ಚಿ ಸಾರ್, ಪರವಾಗಿಲ್ಲ," ಎಂದ.